ಕಡಲ್ ಕಾಂಬುಕೂ ದುಡ್ಡ್ ಕೊಡ್ಕಾ?



ಕಳೆದ ಭಾನುವಾರ ನಾನು ಹಾಕಿದ ನೇತ್ರಾಣಿಯ ಫೋಟೊಗಳ ಕೆಳಗೆ ನಮ್ಮ ಹಿರಿಯ ಸಂಗಾತಿಯೊಬ್ಬರು ಬರೆದಿದ್ದರು: "ಡಿಸಿ ಮನ್ನಾ ಜಾಗದ ಅರ್ಜಿ ಹಾಗೇ ಕೂತಿದೆ, ನೀವು ಮೀನು ನೋಡ್ಲಿಕ್ಕೆ ಹೋದ್ರಾ ಮಾರ್ರೆ?" ಅವರ ಮೇಲೆ ಸಿಟ್ಟಿಲ್ಲ. ಆದರೆ ಎರಡು ಸಾಲಿನಲ್ಲಿ ಉತ್ತರ ಕೊಡಲು ಆಗಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಪುರುಸೊತ್ತಿದ್ದಾಗ ಓದಿ.

ಈ ಪ್ರವಾಸ ಶುರುವಾದದ್ದು ಅಲಾಸ್ಕಾದಿಂದ. ನಮ್ಮ ಆಫೀಸಿನ ಒಬ್ಬರ ಮಗ ಅಮೆರಿಕದಲ್ಲಿದ್ದಾನೆ. ಅವನು ಸೀವರ್ಡ್ ಎಂಬ ಊರಿನಿಂದ ಒಂದು ದಿನದ ಹಡಗು ಪ್ರವಾಸ ಹೋಗಿ ವಿಡಿಯೊ ಕಳಿಸಿದ್ದ. ಕೆನಾಯ್ ಫ್ಯೋರ್ಡ್ಸ್ ರಾಷ್ಟ್ರೀಯ ಉದ್ಯಾನದ ಹಿಮನದಿಗಳು, ಮನೆಯಷ್ಟು ದೊಡ್ಡ ಮಂಜಿನ ತುಂಡು ಗುಡುಗಿದ ಹಾಗೆ ಸದ್ದು ಮಾಡಿ ಕಡಲಿಗೆ ಬೀಳುವುದು, ತಿಮಿಂಗಿಲದ ಬಾಲ, ಬೆನ್ನ ಮೇಲೆ ಮಲಗಿ ತೇಲುವ ಕಡಲ ನೀರುನಾಯಿ. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಎಲ್ಲರೂ ನೋಡಿದೆವು. "ಅಲಾಸ್ಕಾ ನಮ್ಮ ಹಣೇಲಿ ಬರ್ದಿಲ್ಲ, ನೇತ್ರಾಣಿಗಾದ್ರೂ ಹೋಪ" ಅಂತ ಯಾರೋ ಅಂದರು. ತಲೆಗಿಷ್ಟು ಅಂತ ಲೆಕ್ಕವಾಯಿತು. ನಾನು ಪಿಯುಸಿ ಓದುವ ಮಗಳ ಹೆಸರೂ ಸೇರಿಸಿ ಎರಡು ಪಾಲು ಕೊಟ್ಟೆ. ಮನೆಯಲ್ಲಿ ಮೊತ್ತ ಕೇಳಿದ ಅಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು: "ಕಡಲ್ ಕಾಂಬುಕೂ ದುಡ್ಡ್ ಕೊಡ್ಕಾ ಮಗಾ?" ಗೇರುಬೀಜ ಕಾರ್ಖಾನೆಯಲ್ಲಿ ಬೀಜ ಸುಲಿದು ನನ್ನನ್ನು ಬಿಎ ಓದಿಸಿದವಳು. ಅವಳ ಲೆಕ್ಕದಲ್ಲಿ ಅದು ವಾರಗಟ್ಟಲೆ ಕೂಲಿ.

ನೇತ್ರಾಣಿ ಭಟ್ಕಳ ತಾಲ್ಲೂಕಿಗೆ ಸೇರಿದ ದ್ವೀಪ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ಒಳಗಿದೆ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಜಾಗ. ಬೋಟು ಹೊರಟು ಸ್ವಲ್ಪ ಹೊತ್ತಿಗೆ ದೇವಸ್ಥಾನದ ಗೋಪುರ ಬೆಂಕಿಕಡ್ಡಿಯಷ್ಟಾಯಿತು. ಅರ್ಧ ದಾರಿಯಲ್ಲಿ ನಾಲ್ಕೈದು ಡಾಲ್ಫಿನ್ ಬೆನ್ನು ತೋರಿಸಿ ಹೋದವು. ದ್ವೀಪದ ಬಂಡೆಯ ಮೇಲಿಂದ ಬಿಳಿ ಹೊಟ್ಟೆಯ ಕಡಲ ಹದ್ದು ಎದ್ದು ಒಂದು ಸುತ್ತು ಹಾಕಿತು. ಬೋಟಿನ ಪಕ್ಕ ಬಗ್ಗಿ ನೋಡಿದರೆ ಹವಳದ ದಿಬ್ಬಗಳು, ಅವುಗಳ ಮೇಲೆ ಹಳದಿ ಪಟ್ಟಿಯ ಮೀನುಗಳು. ಕಿರಿಮಂಜೇಶ್ವರದಲ್ಲಿ ಹುಟ್ಟಿ, ರಾತ್ರಿ ಕಡಲಿನ ಸದ್ದು ಕೇಳಿಕೊಂಡೇ ಮಲಗಿ, ನಲವತ್ತು ದಾಟಿದ ಮೇಲೆ ನಾನು ಕಡಲಿನ ಒಳಗೆ ಹೋದದ್ದು ಅವತ್ತೇ ಮೊದಲು.

ಆಗ ಬೋಟಿನ ಹುಡುಗ ಲೈಫ್ ಜಾಕೆಟ್ ಕಟ್ಟುತ್ತಾ ಕೇಳಿದ: "ಸರ್, ಈಜು ಬತ್ತಾ?" ನಾನು ತಲೆಯಾಡಿಸಿದೆ. ಸಹೋದ್ಯೋಗಿಯೊಬ್ಬರು ನಕ್ಕರು. "ಎಂತ ಮಾರ್ರೆ, ಕಡಲ ಬದಿಯವ್ರು ನೀವು, ಈಜು ಬರುದಿಲ್ವಾ?" ತಮಾಷೆಗೇ ಅಂದದ್ದು. ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಆ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಬಂದೆ.

ಯಾಕೆ ಬರುವುದಿಲ್ಲ?

ನಮ್ಮ ಕಡೆ ಮಕ್ಕಳು ಈಜು ಕಲಿಯುವುದು ಕಡಲಿನಲ್ಲಲ್ಲ, ಕೆರೆಯಲ್ಲಿ. ಸೊಂಟಕ್ಕೆ ಒಣ ತೆಂಗಿನಕಾಯಿ ಜೋಡಿ ಕಟ್ಟಿ ಅಪ್ಪನೋ ಮಾವನೋ ನೀರಿಗಿಳಿಸುತ್ತಾರೆ. ಕೆರೆ ಯಾರದ್ದು? ನನ್ನ ಅಜ್ಜ ದುಡಿಯುತ್ತಿದ್ದ ಮನೆಗೊಂದು ಕೆರೆ ಇತ್ತು. ಬೇಸಗೆಯಲ್ಲಿ ಅದರ ಹೂಳೆತ್ತುವವನು ಅಜ್ಜ. ಮಳೆ ಬಂದು ಅದು ತುಂಬಿದ ಮೇಲೆ ಅವನು ಅದರ ಮೆಟ್ಟಿಲು ಇಳಿಯುವ ಹಾಗಿಲ್ಲ. ಬಾವಿಯ ಹತ್ತಿರ ಅಜ್ಜಿ ಕೊಡ ಇಟ್ಟು ದೂರ ನಿಲ್ಲಬೇಕು, ಯಾರಾದರೂ ಹೊಯ್ದರೆ ನೀರು. ಮುಟ್ಟಲಿಕ್ಕೇ ಬಿಡದ ನೀರಿನಲ್ಲಿ ಈಜು ಕಲಿಯುವುದು ಹೇಗೆ? ಅಜ್ಜನಿಗೆ ಬರಲಿಲ್ಲ, ಅಪ್ಪನಿಗೆ ಕಲಿಸಲಿಲ್ಲ. ಅಪ್ಪನಿಗೆ ಬರಲಿಲ್ಲ, ನನಗೆ ಕಲಿಸಲಿಲ್ಲ. ನನಗೆ ಅಪ್ಪನಿಂದ ಬಂದದ್ದು ನೀರಿನ ಹೆದರಿಕೆ ಮಾತ್ರ.

"ಮೇಲ್ಜಾತಿಯವರಿಗೂ ಎಷ್ಟೋ ಜನಕ್ಕೆ ಈಜು ಬರುವುದಿಲ್ಲವಲ್ಲ?" ಅಂತ ಕೇಳುವವರಿದ್ದಾರೆ. ಹೌದು. ಅದೇ ಬೋಟಿನಲ್ಲಿ ಅಂಥವರೂ ಇದ್ದರು. ಆದರೆ ಅವರು ಕಲಿಯಲಿಲ್ಲ. ನಮ್ಮವರನ್ನು ಕಲಿಯಲು ಬಿಡಲಿಲ್ಲ. ಎರಡೂ ಒಂದೇ ಅಲ್ಲ.

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಕೆರೆ ಮೈಲಿಗೆಯಾಯಿತು ಅಂತ ಸೆಗಣಿ, ಗಂಜಲ ಹಾಕಿ 'ಶುದ್ಧ' ಮಾಡಿದರು. ಆ ನೀರಿನ ಮೇಲಿನ ಹಕ್ಕನ್ನು ಬಾಂಬೆ ಹೈಕೋರ್ಟು ಒಪ್ಪಿಕೊಂಡದ್ದು 1937ರಲ್ಲಿ. ನಮ್ಮೂರಿನ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ಆ ಮಹಾಡಿನ ಮೇಲೆಯೇ ಬರುತ್ತದೆ. ಅವತ್ತು ಮುರುಡೇಶ್ವರಕ್ಕೆ ನಾವು ಹೋದದ್ದೂ ಅದೇ ರಸ್ತೆಯಲ್ಲಿ. ಮುಂದೆ ಸಂವಿಧಾನದ 15(2)ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೂ ಹೆಸರು ಹಿಡಿದು ಬರೆದರು. ಸುಮ್ಮನೆ ಬರೆದದ್ದಲ್ಲ, ಅನುಭವಿಸಿ ಬರೆದದ್ದು.

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. 1919ರ ಜುಲೈ 27ರಂದು ಶಿಕಾಗೊದ ಮಿಷಿಗನ್ ಸರೋವರದಲ್ಲಿ ಯೂಜೀನ್ ವಿಲಿಯಮ್ಸ್ ಎಂಬ 17 ವರ್ಷದ ಕಪ್ಪು ಹುಡುಗ ಗೆಳೆಯರೊಂದಿಗೆ ತೇಲುತ್ತಾ ಬಿಳಿಯರ ಕಡೆಯ ನೀರಿಗೆ ಹೋದ. ನೀರಿನಲ್ಲಿ ಗೆರೆ ಎಲ್ಲಿ ಕಾಣಿಸುತ್ತದೆ? ದಡದಿಂದ ಕಲ್ಲು ಬಿತ್ತು, ಹುಡುಗ ಮುಳುಗಿ ಸತ್ತ. ನಂತರದ ಗಲಭೆಯಲ್ಲಿ 38 ಜನ ಸತ್ತರು. ನೀರಿಗೂ ಗೆರೆ ಎಳೆಯುವ ಬುದ್ಧಿ ಎಲ್ಲ ಕಡೆ ಇದೆ.

ಈಗ ಗೆರೆ ಎಳೆಯುವವರಿಲ್ಲ, ಟಿಕೆಟ್ ಇದೆ. ಟಿಕೆಟ್ ತೆಗೆದವರನ್ನು ಯಾರೂ ಜಾತಿ ಕೇಳುವುದಿಲ್ಲ, ಅದು ಒಳ್ಳೆಯದೇ. ಆದರೆ ಟಿಕೆಟ್ ತೆಗೆದು ಬೋಟು ಹತ್ತಿದ ಮೇಲೂ ನೀರಿಗಿಳಿಯುವ ಧೈರ್ಯ ಬೇಕಲ್ಲ? ಅದು ಎಲ್ಲಿ ಸಿಗುತ್ತದೆ?

ಇನ್ನೊಂದು ಮಾತನ್ನು ಹೇಳದೆ ಇರಲಾರೆ. 2024ರ ಡಿಸೆಂಬರಿನಲ್ಲಿ ಇದೇ ಮುರುಡೇಶ್ವರದ ಕಡಲಿನಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುಳುಗಿ ತೀರಿಕೊಂಡರು. ಅವರ ಜಾತಿ ಹುಡುಕುವ ಕೆಲಸ ನಾನು ಮಾಡುವುದಿಲ್ಲ. ಆದರೆ ಸರ್ಕಾರಿ ವಸತಿ ಶಾಲೆಗೆ ಬರುವವರು ಎಂಥಾ ಮನೆಯ ಮಕ್ಕಳು ಅಂತ ನಮಗೆಲ್ಲ ಗೊತ್ತುಂಟು. ಅವತ್ತು ಬೋಟು ಹತ್ತುವ ಮುಂಚೆ ದಡದಲ್ಲಿ ನಿಂತಾಗ ನನಗೆ ಅವರದ್ದೇ ನೆನಪು. ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಇಂಥದ್ದಾದಾಗ "ಮಕ್ಕಳನ್ನು ಕಡಲಿಗೆ ಕರ್ಕೊಂಡೇ ಹೋಗ್ಬೇಡಿ" ಅನ್ನುತ್ತಾರೆ. ಹೆದರಿಕೆ ನ್ಯಾಯವೇ. ಆದರೆ ಹಾಗೆ ಬಾಗಿಲು ಹಾಕಿದರೆ ಒಳಗುಳಿಯುವವರು ಯಾರು? ಉಳ್ಳವರ ಮಕ್ಕಳು ಅಪ್ಪ ಅಮ್ಮನ ಜೊತೆ ಹೇಗೂ ಹೋಗುತ್ತಾರೆ. ಶಾಲೆ ಕರೆದುಕೊಂಡು ಹೋಗದಿದ್ದರೆ ಹೋಗಲಾಗದವರು ನಮ್ಮ ಮಕ್ಕಳು ಮಾತ್ರ.

ಆದ್ದರಿಂದ ನಮ್ಮ ಬೇಡಿಕೆಯ ಪಟ್ಟಿಗೆ ಇದೂ ಸೇರಲಿ. ಅಂಬೇಡ್ಕರ್, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಈಜು ಒಂದು ಪಾಠವಾಗಲಿ. ಲೈಫ್ ಜಾಕೆಟ್, ಜೀವರಕ್ಷಕರು ಇಲ್ಲದೆ ಒಂದು ಮಗುವನ್ನೂ ನೀರಿನ ಹತ್ತಿರ ಬಿಡಬಾರದು. ಪರಿಶಿಷ್ಟರ ಉಪಯೋಜನೆ ಕಾಯ್ದೆ ಬಂದದ್ದು 2013ರಲ್ಲಿ. ಪ್ರವಾಸೋದ್ಯಮ ಅಂದರೆ ನಮ್ಮ ಹುಡುಗರಿಗೆ ಟ್ಯಾಕ್ಸಿ ಕೊಡುವುದು ಅಷ್ಟೇ ಅಂತ ಇಲಾಖೆ ಯಾಕೆ ತಿಳಿಯಬೇಕು? ಬೋಟು ನಡೆಸಲು, ಸ್ಕೂಬಾ ಕಲಿಸಲು, ಮುಳುಗುವವರನ್ನು ಎಳೆದು ತರಲು ನಮ್ಮ ಹುಡುಗ ಹುಡುಗಿಯರಿಗೂ ತರಬೇತಿ ಕೊಡಲಿ.

ಹಿರಿಯ ಸಂಗಾತಿಗೆ ನನ್ನ ಉತ್ತರ ಇಷ್ಟೇ ಅಣ್ಣಾ: ಡಿಸಿ ಮನ್ನಾ ಜಾಗ ನಮ್ಮದೇ, ಅದನ್ನು ಬಿಡುವ ಪ್ರಶ್ನೆಯೇ ಇಲ್ಲ. ಮುಂದಿನ ಧರಣಿಗೆ ಬ್ಯಾನರು ಕಟ್ಟುವವನು ನಾನೇ. ಆದರೆ ನೆಲದ ಲೆಕ್ಕ ಕೇಳುವವರು ನೀರಿನ ಲೆಕ್ಕವನ್ನೂ ಕೇಳಬೇಕು. ಮಹಾಡಿನಲ್ಲಿ ಶುರುವಾದದ್ದೇ ನೀರಿನಿಂದ ಅಲ್ದಾ?

ಅವತ್ತು ನಾನು ಬೋಟಿನಲ್ಲೇ ಕೂತೆ. ಮಗಳು ಜಾಕೆಟ್ ಕಟ್ಟಿಕೊಂಡು ಏಣಿ ಹಿಡಿದು ಇಳಿದಳು. ಮೊದಲು ಕಿರುಚಿದಳು. ಆಮೇಲೆ ಮುಖ ನೀರಿಗೆ ಅದ್ದಿದವಳು ಎಷ್ಟು ಹೊತ್ತಾದರೂ ಎತ್ತಲಿಲ್ಲ. ನನಗೆ ಜೀವ ಹೋದ ಹಾಗಾಯಿತು. ಎದ್ದವಳು ಅಂದಳು: "ಅಪ್ಪಾ, ಕೆಳಗೆ ಒಂದು ಊರೇ ಉಂಟು!"

ರಾತ್ರಿ ಅಜ್ಜಿಯ ಪಕ್ಕ ಕೂತು ಮೀನುಗಳ ಬಣ್ಣ ಒಂದೊಂದಾಗಿ ಹೇಳಿದಳು. ಅಮ್ಮ ಎಲ್ಲ ಕೇಳಿ, ದುಡ್ಡಿನ ಮಾತೆತ್ತದೆ, ನನ್ನ ಕಡೆ ತಿರುಗಿ "ನೀನ್ ಎಂತಕ್ ಇಳೀಲಿಲ್ಲ?" ಅಂತ ಕೇಳಿದಳು.

ಅದಕ್ಕೇ ಈಗ ಕಲಿಯಬೇಕು ಅಂತ ಹೊರಟಿದ್ದೇನೆ, ಈ ವಯಸ್ಸಿನಲ್ಲಿ. ಕಾಲನಿಯ ಆರು ಮಕ್ಕಳೂ ಜೊತೆಗಿದ್ದಾರೆ. ಬೈಂದೂರು, ಕುಂದಾಪುರ ಕಡೆ ಚೆನ್ನಾಗಿ ಈಜು ಬರುವ, ಭಾನುವಾರ ಎರಡು ಗಂಟೆ ಕೊಡಬಲ್ಲ ಗೆಳೆಯರಿದ್ದರೆ ಇನ್‌ಬಾಕ್ಸಿಗೆ ಬನ್ನಿ. ತೆಂಗಿನಕಾಯಿ ನಾವೇ ತರುತ್ತೇವೆ.

ಜೈಭೀಮ್.