ಮೊದಲ ಬೋರ್ಡ್ ಯಾವ ಬ್ರ್ಯಾಂಡ್‌ದು? (ನಾಲ್ಕು ಚಕ್ರ, ಭಾಗ 6)

ಈ ವಾರ ನನಗೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಅಕ್ಕ, ಹೊಸಬರಿಗೆ ಯಾವ ಬ್ರ್ಯಾಂಡ್ ಬೋರ್ಡ್ ಒಳ್ಳೇದು?" ಒಬ್ಬನಂತೂ ಗುಲ್ಮಾರ್ಗ್ ರೀಲ್ ಕಳಿಸಿ ಸ್ನೋಬೋರ್ಡ್ ಬ್ರ್ಯಾಂಡ್ ಕೇಳಿದ್ದಾನೆ. ಲೋ ತಮ್ಮಾ, ಕೋಲಾರದಲ್ಲಿ ಹಿಮ ಎಲ್ಲಿಂದ ತರ್ಲಿ? ಡಿಸೆಂಬರ್ ಬೆಳಗ್ಗೆ ಅಂತರಗಂಗೆ ಬೆಟ್ಟದ ಮೇಲೆ ಕೂರೋ ಮಂಜು ಅಷ್ಟೇ ನಮ್ಮ ಪಾಲಿಗೆ. ಆದ್ರೆ ಪ್ರಶ್ನೆ ಹಿಮದ ಬೋರ್ಡಿಗೂ ನಮ್ಮ ಚಕ್ರದ ಬೋರ್ಡಿಗೂ ಒಂದೇ, ಹಂಗಾಗಿ ಉತ್ತರಾನೂ ಒಂದೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬ್ರ್ಯಾಂಡ್ ಯಾವುದು ಅನ್ನೋದು ಕೊನೆಯ ಪ್ರಶ್ನೆ. ನಾವು ಅದನ್ನ ಮೊದಲು ಕೇಳ್ತೀವಿ, ಅದಕ್ಕೇ ಮೋಸ ಹೋಗ್ತೀವಿ. ನಾನೂ ಹೋಗಿದ್ದೆ.

ಮೊದಲ ಫೋಟೊ ನೋಡಿ. ಹಸಿರು ಬಣ್ಣ, ಡ್ರ್ಯಾಗನ್ ಚಿತ್ರ, ಇಂಗ್ಲಿಷಲ್ಲಿ ದೊಡ್ಡ ಹೆಸರು. ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ಆನ್‌ಲೈನ್‌ನಲ್ಲಿ ತರಿಸಿದ್ದು, 1,799 ರೂಪಾಯಿ. ಹೆಸರು ನೋಡಿದೆ, ಸ್ಟಾರ್ ನೋಡಿದೆ, ಕೊಂಡೆ. ಕೆಳಗಡೆ ತಿರುಗಿಸಿ ನೋಡಲೇ ಇಲ್ಲ. ಚಕ್ರಗಳನ್ನ ಹಿಡಿದಿರೋ ಟ್ರಕ್ ಪ್ಲಾಸ್ಟಿಕ್ಕಿನದು. ಹದಿನಾಲ್ಕನೇ ದಿನ ನಮ್ಮೂರ ಸಿಮೆಂಟ್ ರೋಡಲ್ಲಿ ಹೋಗ್ತಾ ಇದ್ದಾಗ ಒಂದು ಜಲ್ಲಿಕಲ್ಲಿಗೆ ಮುಂದಿನ ಚಕ್ರ ಕಚ್ಚಿಕೊಂಡು ನಿಂತೇಬಿಡ್ತು. ಬೋರ್ಡ್ ನಿಂತರೂ ನಾನು ನಿಲ್ಲಲಿಲ್ಲ. ಎಡಗೈ ಮಣಿಕಟ್ಟಿಗೆ ನಾಲ್ಕು ವಾರ ಪ್ಲಾಸ್ಟರ್.

ಆಮೇಲೆ ಏನಾಯ್ತು ಅನ್ನೋದೇ ಈ ಭಾಗ ಬರೆಯೋಕೆ ಕಾರಣ. ಮನೆಗೆ ಬಂದವರೆಲ್ಲ ಒಂದೇ ಮಾತು. ಅಜ್ಜಿ: "ಹೆಣ್ಣುಮಗಳಿಗೆ ಯಾಕೆ ಬೇಕಿತ್ತಮ್ಮ ಇದು?" ಪಕ್ಕದ ಮನೆ ಆಂಟಿ: "ಮದುವೆಯಾಗೋ ಕೈ, ಕಾಲು!" ಒಬ್ಬರಾದ್ರೂ "ಆ ಬೋರ್ಡ್ ಸರಿ ಇತ್ತಾ?" ಅಂತ ಕೇಳಲಿಲ್ಲ. ನಾನೂ ಕೇಳ್ಕೊಳ್ಳಲಿಲ್ಲ. ನನಗೆ ಬ್ಯಾಲೆನ್ಸ್ ಇಲ್ಲ, ಇದು ನನ್ನಂಥವಳಿಗಲ್ಲ ಅಂತ ನಾನೇ ತೀರ್ಮಾನ ಮಾಡಿ ಬೋರ್ಡನ್ನ ಅಟ್ಟದ ಮೇಲೆ ಹಾಕಿದೆ. ಹುಡುಗ ಬಿದ್ರೆ "ನಾಳೆ ಕಲೀತಾನೆ ಬಿಡು" ಅಂತಾರೆ. ಹುಡುಗಿ ಬಿದ್ರೆ ಕತೆ ಅಲ್ಲಿಗೇ ಮುಗೀತು. ಅದಕ್ಕೇ ನಮಗೆ ಮೊದಲ ಬೋರ್ಡ್ ಕೆಟ್ಟದಾಗಿದ್ರೆ ದುಡ್ಡಷ್ಟೇ ಹೋಗಲ್ಲ, ಎರಡನೇ ಅವಕಾಶವೂ ಹೋಗುತ್ತೆ.

ಆರು ತಿಂಗಳಾದ ಮೇಲೆ ಮಾಲೂರಿನ ಕ್ಲಾಸ್‌ಮೇಟ್ ಜೊತೆ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿದ್ದೆ. ಬೆಂಗಳೂರಲ್ಲಿ ಸ್ಕೇಟ್‌ಬೋರ್ಡ್ ನಿನ್ನೆ ಮೊನ್ನೆಯದಲ್ಲ. ಹೋಲಿಸ್ಟೋಕ್ಡ್ ಕಲೆಕ್ಟಿವ್ ಅನ್ನೋ ಗುಂಪು 2013ರಲ್ಲೇ ಲೀವೈಸ್ ನೆರವು ತಗೊಂಡು, ಹೊರದೇಶದ ಸ್ಕೇಟರ್‌ಗಳ ಜೊತೆ ಸೇರಿ ಅಲ್ಲೊಂದು ಪಾರ್ಕ್ ಕಟ್ಟಿತ್ತು. ಅವತ್ತು ಪಾರ್ಕಲ್ಲಿ ಪರಿಚಯವೇ ಇಲ್ಲದ ಹುಡುಗಿಯೊಬ್ಬಳು ತನ್ನ ಹಳೇ ಬೋರ್ಡ್ ಕೊಟ್ಟು "ಒಂದು ರೌಂಡ್ ಹೋಗ್ ಬಾ" ಅಂದ್ಲು. ಕಾಲಿಟ್ಟು ಒಂದು ಸಲ ತಳ್ಳಿದೆ. ನೇರವಾಗಿ ಹೋಯ್ತು. ಸ್ವಲ್ಪ ವಾಲಿದೆ, ತಿರುಗಿತು. ಅಳು ಬಂದುಬಿಡ್ತು ಕಣ್ರೋ. ಆರು ತಿಂಗಳು ನನ್ನ ಕಾಲನ್ನ ಬೈದುಕೊಂಡಿದ್ದೆ. ತಪ್ಪು ಕಾಲಿಂದಲ್ಲ, ಪ್ಲಾಸ್ಟಿಕ್ಕಿಂದು.

ಈಗ ಬಿಕಾಂ ಬುದ್ಧಿ ಸ್ವಲ್ಪ ಉಪಯೋಗಿಸೋಣ. ಅಕೌಂಟ್ಸ್‌ನಲ್ಲಿ ಗುಡ್‌ವಿಲ್ ಅಂತ ಓದಿದ್ದೀವಲ್ಲ? ಮುಟ್ಟೋಕೆ ಸಿಗದ ಆಸ್ತಿ. ಬ್ರ್ಯಾಂಡ್ ಹೆಸರೂ ಅಂಥದ್ದೇ. ಕಂಪನಿಗೆ ಅದು ಆಸ್ತಿ, ಆದ್ರೆ ನಮ್ಮ ಕಾಲ ಕೆಳಗೆ ಇರೋದು ಮರ, ಲೋಹ, ರಬ್ಬರಿನಂಥ ಚಕ್ರ. ನನ್ನ 1,799ರ ಬೋರ್ಡ್ 14 ದಿನ ಬಂತು, ಅಂದ್ರೆ ದಿನಕ್ಕೆ 128 ರೂಪಾಯಿ. ಆಮೇಲೆ ಬೆಂಗಳೂರಿನ ಒಬ್ಬರ ಹತ್ರ ಸೆಕೆಂಡ್ ಹ್ಯಾಂಡ್ ಬೋರ್ಡ್ 3,500ಕ್ಕೆ ತಗೊಂಡೆ. ಹದಿನಾಲ್ಕು ತಿಂಗಳಾಯ್ತು, ದಿನಕ್ಕೆ ಎಂಟು ರೂಪಾಯಿ ಚಿಲ್ಲರೆ. ಯಾವುದು ಅಗ್ಗ, ನೀವೇ ಹೇಳಿ.

"ಹಂಗಾದ್ರೆ ದುಬಾರಿ ಫಾರಿನ್ ಬ್ರ್ಯಾಂಡ್ ತಗೋಬೇಕಾ?" ಬೇಡ. ಈ ಉದ್ಯಮದಲ್ಲಿ ಒಂದೇ ಕಾರ್ಖಾನೇಲಿ ಹಲವು ಬ್ರ್ಯಾಂಡ್‌ಗಳ ಡೆಕ್ ತಯಾರಾಗೋದು ಮಾಮೂಲು. ಚಿತ್ರ ಬೇರೆ, ಹಲಗೆ ಹೆಚ್ಚುಕಮ್ಮಿ ಒಂದೇ. ಅದೂ ಅಲ್ದೆ ಡೆಕ್ ಸವೆಯೋ ವಸ್ತು, ಇವತ್ತಲ್ಲ ನಾಳೆ ಬದಲಾಯಿಸಲೇಬೇಕು. ಟ್ರಕ್ ಹಂಗಲ್ಲ, ಚೆನ್ನಾಗಿರೋದು ವರ್ಷಗಟ್ಟಲೆ ಬರುತ್ತೆ. ಹೆಸರಿಗೆ ದುಡ್ಡು ಕೊಡೋದೇ ಆದ್ರೆ ಟ್ರಕ್ಕಿಗೆ ಕೊಡಿ, ಚಿತ್ರಕ್ಕಲ್ಲ.

ಬೋರ್ಡ್ ಕೊಳ್ಳೋ ಮುಂಚೆ ನೋಡಬೇಕಾದ್ದು (ಮೂರನೇ ಫೋಟೊ ಸೇವ್ ಮಾಡ್ಕೊಳ್ಳಿ):

ಡೆಕ್ ಪಕ್ಕದಿಂದ ನೋಡಿ, ಪದರಗಳನ್ನ ಎಣಿಸಿ. ಏಳು ಪದರದ ಮೇಪಲ್ ಮರ ಇದ್ರೆ ಒಳ್ಳೇದು. ಅಗಲ ಎಂಟು ಇಂಚಿನ ಆಸುಪಾಸು ಇದ್ರೆ ನಮ್ಮ ವಯಸ್ಸಿನ ಬಹುತೇಕರಿಗೆ ಸಾಕು.

ಟ್ರಕ್ ಲೋಹದ್ದೇ ಇರಬೇಕು. ಪ್ಲಾಸ್ಟಿಕ್ ಕಂಡ್ರೆ ಅಲ್ಲಿಂದ ಎದ್ದು ಬನ್ನಿ, ಯಾವ ಹೆಸರಿದ್ರೂ ಸರಿ.

ಚಕ್ರದ ಮೇಲೆ ಒಂದು ಅಂಕಿ, ಪಕ್ಕದಲ್ಲಿ ಎ ಅಕ್ಷರ ಇರುತ್ತೆ. ಅಂಕಿ ಜಾಸ್ತಿ ಆದಷ್ಟೂ ಚಕ್ರ ಗಟ್ಟಿ. 99 ಅಂದ್ರೆ ನುಣುಪಾದ ಪಾರ್ಕಿಗೆ. ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ರೋಡಿಗೆ 78ರ ಹತ್ತಿರದ ಮೆತ್ತನೆ ಚಕ್ರ ಬೇಕು, ಸಣ್ಣ ಕಲ್ಲು ಸಿಕ್ರೂ ದಾಟಿಕೊಂಡು ಹೋಗುತ್ತೆ. ಸಿಟಿಯವರ ರಿವ್ಯೂ ನೋಡಿ ಕೊಂಡೋರು ಇಲ್ಲೇ ಎಡವೋದು.

ಬೇರಿಂಗ್ ಸೈಜ್ 608. ಹಾಳಾದ್ರೆ ಆನ್‌ಲೈನ್ ಬೇಡ, ಊರಿನ ಬೇರಿಂಗ್ ಅಂಗಡೀಲಿ "608 ಕೊಡಿ ಅಣ್ಣ" ಅಂತ ಕೇಳಿ. ಮೋಟಾರ್‌ಗಳಿಗೂ ಹಾಕೋ ಸೈಜ್ ಅದು.

ಇಷ್ಟೂ ನೋಡಿದ ಮೇಲೆ ಬ್ರ್ಯಾಂಡ್ ಕೇಳಿ. ಅವಾಗಲೂ ಎರಡೇ ಪ್ರಶ್ನೆ: ಇದರ ಬಿಡಿಭಾಗ ನನಗೆ ಸಿಗುತ್ತಾ? ನನ್ನಂಥ ರೋಡಲ್ಲಿ ಇದನ್ನ ಓಡಿಸಿದವರು ಯಾರಾದ್ರೂ ಇದ್ದಾರಾ?

ಎರಡನೇ ಪ್ರಶ್ನೆ ನಾನು ಕಲಿತಿದ್ದು ನಮ್ಮಪ್ಪನಿಂದ. ನಮ್ಮದು ಟೊಮೆಟೊ ಬೆಳೆಯೋ ಮನೆ. ಕೋಲಾರದ ಮಾರ್ಕೆಟ್ ನಿಮಗೆಲ್ಲ ಗೊತ್ತಲ್ಲ: 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ದಾಟಿತ್ತು, ಬಿದ್ದರೆ ಕುಯ್ಲಿನ ಕೂಲಿಯೂ ಹುಟ್ಟಲ್ಲ. ಬೀಜದ ಏಜೆಂಟ್ ಬಣ್ಣದ ಪ್ಯಾಕೆಟ್ ತಂದು ಎಷ್ಟು ಹೊಗಳಿದ್ರೂ ಅಪ್ಪ ಕೇಳೋದು ಒಂದೇ. "ಸರಿ ಸ್ವಾಮಿ, ನಮ್ಮ ಕಡೆ ಯಾರ ಹೊಲದಲ್ಲಿ ಹಾಕಿದ್ದಾರೆ, ಹೇಳಿ. ಹೋಗಿ ನೋಡ್ಕೊಂಡು ಬರ್ತೀನಿ." ಕಂಪನಿ ಕೆಟ್ಟದು ಅಂತಲ್ಲ. ಬೇರೆಯವರ ಮಣ್ಣಲ್ಲಿ ಬೆಳೆದಿದ್ದು ನಮ್ಮ ಮಣ್ಣಲ್ಲೂ ಬೆಳೆಯುತ್ತೆ ಅಂತ ಗ್ಯಾರಂಟಿ ಇಲ್ಲ, ಅಷ್ಟೇ. ಇಂಥ ಅಪ್ಪನ ಮಗಳಾಗಿ ಡ್ರ್ಯಾಗನ್ ನೋಡಿ ದುಡ್ಡು ಕೊಟ್ಟೆನಲ್ಲ!

ಹಾಂ, ಹೆಲ್ಮೆಟ್ಟು, ಮಣಿಕಟ್ಟಿನ ಗಾರ್ಡು. ಬೋರ್ಡ್‌ನ ಬಜೆಟ್ಟಿಂದ ಇವಕ್ಕೆ ಮೊದಲೇ ತೆಗೆದಿಡಿ. ಉಳಿದ ದುಡ್ಡಲ್ಲಿ ಬೋರ್ಡ್ ನೋಡಿ. ನನ್ನ ಎಕ್ಸ್‌ರೇ ಐದನೇ ಫೋಟೊದಲ್ಲಿದೆ, ಇನ್ನೂ ಸಾಕ್ಷಿ ಬೇಕಾ?

ಕೊನೇದಾಗಿ, ಈ ಮೆಸೇಜ್ ಕಳಿಸಿದ ಹುಡುಗಿಯರಿಗೆ ಒಂದು ಮಾತು. ಸ್ನೋಬೋರ್ಡಿನ ಮೊದಲ ರೂಪಗಳಲ್ಲಿ ಒಂದನ್ನ 1965ರಲ್ಲಿ ಅಮೆರಿಕದ ಶೆರ್ಮನ್ ಪಾಪನ್ ಮಾಡಿದ್ದು ಹೆಣ್ಣುಮಕ್ಕಳು ಹಿಮದ ಮೇಲೆ ಆಡಲಿ ಅಂತ, ಎರಡು ಸ್ಕೀ ಜೋಡಿಸಿ. ಯಾವ ಬ್ರ್ಯಾಂಡೂ ಇರಲಿಲ್ಲ ಅದಕ್ಕೆ. ಮಧ್ಯಪ್ರದೇಶದ ಜನ್ವಾರ್ ಅನ್ನೋ ಹಳ್ಳಿಯ ಆಶಾ ಗೋಂಡ್ 2018ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ವರೆಗೆ ಹೋದರು. ಜನ್ವಾರ್ ಹಳ್ಳಿ, ನಮ್ದೂ ಹಳ್ಳಿ. ಬಿದ್ದರೆ ನಿಮ್ಮನ್ನ ನೀವು ಬೈದುಕೊಳ್ಳೋ ಮುಂಚೆ ಬೋರ್ಡನ್ನ ತಿರುಗಿಸಿ ಕೆಳಗಡೆ ನೋಡಿ.

ದುಡ್ಡಿಲ್ಲ ಅಂದ್ರೂ ಪರವಾಗಿಲ್ಲ. ಭಾನುವಾರ ಬೆಳಗ್ಗೆ ನಾವು ಐದು ಜನ ಎಲ್ಲಿರ್ತೀವಿ ಅಂತ ಕ್ಲಾಸ್‌ನವರಿಗೆ ಗೊತ್ತು. ನನ್ನ ಬೋರ್ಡ್ ಮೇಲೆ ನಿಂತು ನೋಡಿ, ಆಮೇಲೆ ಕೊಳ್ಳಿ. ಅಜ್ಜಿ ಈಗ ಏನಂತಾಳೆ ಅಂತ ಕೇಳ್ತೀರಾ? "ಹೋಗೋದಾದ್ರೆ ಕೈಗೆ ಅದನ್ನ ಕಟ್ಕೊಂಡು ಹೋಗು" ಅಂತಾಳೆ. ಸದ್ಯಕ್ಕೆ ನನಗೆ ಅಷ್ಟು ಸಾಕು.

ಮುಂದಿನ ಭಾಗ: ಬೀಳೋದು ಹೇಗೆ?

#ನಾಲ್ಕುಚಕ್ರ #ಕೋಲಾರ #ಮುಳಬಾಗಿಲು #ಮೊದಲಬೋರ್ಡ್