ಕಿವಿಗೂ ಎಟುಕಲಿ ಕನ್ನಡದ ಪುಟ

ಕನ್ನಡ ಜಾಲತಾಣಗಳ ವಿಷಯ ಬಂದಾಗ ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಲ್ಲಿ ಏನೇನು ದೊರೆಯುತ್ತದೆಂದು ವಿಚಾರಿಸುತ್ತಾರೆ. ಯಾವ ಕಾವ್ಯವಿದೆ, ಯಾವ ನಿಘಂಟಿದೆ, ಯಾವ ಶಾಸನದ ಪಾಠವಿದೆ ಎಂಬುದು ಅವರ ಪ್ರಶ್ನೆ. ಇರುವುದು ಯಾರಿಗೆ ಎಟುಕುತ್ತದೆ ಎಂಬ ಪ್ರಶ್ನೆ ಮಾತ್ರ ಕಂಪ್ಯೂಟರ್ ವಿಭಾಗದ ಪಾಲಿಗೆ ಹೋಗುತ್ತದೆ. ಈ ಹಂಚಿಕೆ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಜಾಲಪುಟವೊಂದನ್ನು ಎಲ್ಲರೂ ಬಳಸುವಂತೆ ರೂಪಿಸುವ ಕೆಲಸದಲ್ಲಿ ದೊಡ್ಡ ಪಾಲು ಭಾಷೆಯ ಕೆಲಸ. ಆದುದರಿಂದ ಅದು ಐಚ್ಛಿಕ ಕನ್ನಡ ವಿದ್ಯಾರ್ಥಿಗಳ ಕೆಲಸವೂ ಹೌದು.

ಇದನ್ನು ಮನಗಾಣಲು ಇಬ್ಬರು ಓದುಗರನ್ನು ಊಹಿಸಿಕೊಳ್ಳೋಣ. ಮೊದಲನೆಯವರು ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ವೇದಸಂದೂರಿನವರು. ನೂಲಿನ ಗಿರಣಿಗಳಿಗೂ ಹೊಗೆಸೊಪ್ಪಿನ ಬೇಸಾಯಕ್ಕೂ ಹೆಸರಾದ ಆ ಸೀಮೆಯಲ್ಲಿ, ಅಲ್ಲಿಂದ ಮುಂದೆ ತೇನಿ ಮತ್ತು ಕಂಬಂ ಕಣಿವೆಯವರೆಗೆ, ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಒಕ್ಕಲಿಗ ಸಮುದಾಯಗಳಿವೆ. ದೇವಾಂಗ ನೇಕಾರರಲ್ಲಿಯೂ ಕನ್ನಡವಾಡುವ ಮನೆಗಳಿವೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಕುರಿತ ಏಳು ಸಂಪುಟಗಳ ಗ್ರಂಥವು ಅಂದಿನ ಮಧುರೆ ಜಿಲ್ಲೆಯ ಕಾಪಿಲಿಯನ್ ಮತ್ತು ಅನುಪ್ಪನ್ ಎಂಬ ಕನ್ನಡ ಸಮುದಾಯಗಳನ್ನು ದಾಖಲಿಸಿದೆ. ಇಂದಿನ ದಿಂಡಿಗಲ್ ಮತ್ತು ತೇನಿ ಜಿಲ್ಲೆಗಳೆರಡೂ ಆಗ ಮಧುರೆಗೆ ಸೇರಿದ್ದವು. ಈ ಮನೆಗಳಲ್ಲಿ ಕನ್ನಡ ಅಡುಗೆಮನೆಯಲ್ಲಿದೆ, ಹೊಲದಲ್ಲಿದೆ, ಮದುವೆಯ ಮಾತುಕತೆಯಲ್ಲಿದೆ. ಆದರೆ ಶಾಲೆಯ ಓದುಬರಹ ತಮಿಳಿನಲ್ಲಿ. ಕನ್ನಡ ಅವರ ಮಾತು; ಕನ್ನಡ ಲಿಪಿ ಅವರಿಗೆ ಅಪರಿಚಿತ.

ಎರಡನೆಯವನು ನಮ್ಮ ನಾಡಿನದೇ ಯಾವುದಾದರೂ ಕಾಲೇಜಿನಲ್ಲಿ ಐಚ್ಛಿಕ ಕನ್ನಡ ಓದುತ್ತಿರುವ ದೃಷ್ಟಿಹೀನ ವಿದ್ಯಾರ್ಥಿ. ತೆರೆಯ ಮೇಲಿನ ಪಠ್ಯವನ್ನು ದನಿಯಾಗಿಸುವ ತಂತ್ರಾಂಶವೇ ಅವನ ಪುಸ್ತಕ. ಅವನಿಗೂ ಕನ್ನಡ ಗೊತ್ತು, ಲಿಪಿಯ ಆಕಾರ ಕಾಣದು. ಭೂಗೋಳದಲ್ಲಿ ದೂರವಿರುವ ಈ ಇಬ್ಬರೂ ಕನ್ನಡದ ಪುಟವೊಂದರ ಮುಂದೆ ಒಂದೇ ಹೊಸ್ತಿಲಲ್ಲಿ ನಿಂತಿದ್ದಾರೆ. ಅಕ್ಷರದ ಚಿತ್ರದಿಂದ ಇಬ್ಬರಿಗೂ ಉಪಯೋಗವಿಲ್ಲ. ಅಕ್ಷರದ ಹಿಂದಿನ ನುಡಿ ಕೈಗೆ ಸಿಕ್ಕರೆ ಇಬ್ಬರೂ ಓದಬಲ್ಲರು.

ಅಕ್ಷರದ ಚಿತ್ರ ಬೇರೆ, ನುಡಿ ಬೇರೆ ಎಂಬ ಮಾತನ್ನು ವಿವರಿಸಬೇಕು. ಹಳೆಯ ನುಡಿ, ಬರಹ ಮೊದಲಾದ ಫಾಂಟ್‌ಗಳಲ್ಲಿ ಕನ್ನಡದ ಆಕೃತಿಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿತ್ತು. ನುಡಿ ಫಾಂಟಿನಲ್ಲಿ 'ಕ' ಎಂಬುದರ ಮೈ ರೋಮನ್ನಿನ ದೊಡ್ಡ 'ಪಿ' ಅಕ್ಷರದ ಜಾಗದಲ್ಲಿದೆ. ತಲೆಕಟ್ಟಿಗೆ ಬೇರೊಂದು ಜಾಗ. ಕಣ್ಣಿಗೆ ಅದು ಕನ್ನಡವೇ. ಕಂಪ್ಯೂಟರಿಗೆ ಮಾತ್ರ ಅದು ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲು. ತೆರೆಯೋದುಗ ತಂತ್ರಾಂಶ ಆ ಸಾಲನ್ನೇ ಗಟ್ಟಿಯಾಗಿ ಓದುತ್ತದೆ. ಹುಡುಕುತಾಣ ಆ ಪುಟದಲ್ಲಿ ಕನ್ನಡವನ್ನು ಕಾಣುವುದಿಲ್ಲ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಪ್ರತಿ ವರ್ಣಕ್ಕೂ ಅದರದೇ ಸಂಕೇತ ದೊರೆಯಿತು. ಹಳಗನ್ನಡದ ಱಕಾರ, ೞಕಾರಗಳಿಗೂ ಈಗ ಅಲ್ಲಿ ಸ್ಥಾನವಿದೆ. ಪಂಪನ ಪಾಠವನ್ನು ಅಕ್ಷರಲೋಪವಿಲ್ಲದೆ ಟಂಕಿಸಬಹುದು. ಹೀಗಿದ್ದೂ ಸುತ್ತೋಲೆ, ಪಠ್ಯಕ್ರಮ, ಟಿಪ್ಪಣಿ, ವಿಶೇಷ ಸಂಚಿಕೆಗಳು ಹಳೆಯ ಫಾಂಟಿನ ಪಿಡಿಎಫ್‌ಗಳಾಗಿ, ಇಲ್ಲವೆ ಮೊಬೈಲಿನಲ್ಲಿ ಸೆರೆಹಿಡಿದ ಚಿತ್ರಗಳಾಗಿ ಇಂದಿಗೂ ಹಂಚಿಕೆಯಾಗುತ್ತಿವೆ. ಇವು ಮುದ್ರಣದ ನೆರಳುಗಳು. ಇವುಗಳಲ್ಲಿ ನುಡಿ ಇಲ್ಲ.

ಯೂನಿಕೋಡ್‌ನಲ್ಲಿರುವ ಪಠ್ಯ ಬೇಕಾದ ರೂಪ ತಾಳುತ್ತದೆ. ಎನ್‌ವಿಡಿಎ ಎಂಬ ಉಚಿತ ತೆರೆಯೋದುಗ, ಆಂಡ್ರಾಯ್ಡ್ ಫೋನುಗಳಲ್ಲಿನ ಟಾಕ್‌ಬ್ಯಾಕ್ ಅದನ್ನು ದನಿಯಾಗಿಸಬಲ್ಲವು. ಅಕ್ಷರಮುಖದಂತಹ ಲಿಪ್ಯಂತರ ಸಾಧನ ಅದನ್ನು ತಮಿಳು ಲಿಪಿಗೆ ತಿರುಗಿಸಬಲ್ಲುದು. ತಮಿಳು ಲಿಪಿಯಲ್ಲಿ ಕ, ಖ, ಗ, ಘ ಈ ನಾಲ್ಕಕ್ಕೂ ಮೂಲತಃ ಒಂದೇ ಅಕ್ಷರವಾದರೂ ವೇದಸಂದೂರಿನ ಓದುಗರು ಬಲ್ಲ ಮಾತಾದ್ದರಿಂದ ಉಚ್ಚಾರವನ್ನು ತಾವೇ ತುಂಬಿಕೊಳ್ಳುತ್ತಾರೆ. ಅದೇ ಪಠ್ಯ ಬ್ರೈಲ್ ಚುಕ್ಕಿಗಳಾಗಿಯೂ ಹೊಮ್ಮಬಲ್ಲುದು. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್ ಭಾರತೀಯ ಭಾಷೆಗಳ ಒಂದೇ ಧ್ವನಿಗೆ ಒಂದೇ ಚುಕ್ಕಿವಿನ್ಯಾಸ ಕೊಟ್ಟಿದೆ. ಕನ್ನಡದ ಕಕಾರಕ್ಕೂ ತಮಿಳಿನ ಕಕಾರಕ್ಕೂ ಚುಕ್ಕಿ ಒಂದೇ. ಕಣ್ಣಿಗೆ ಎದುರಾಗುವ ಲಿಪಿಯ ಗೋಡೆ ಬೆರಳಿಗೂ ಕಿವಿಗೂ ಇಲ್ಲ.

ವಿಶ್ವವ್ಯಾಪಿ ಜಾಲದ ಮಾನಕ ಸಂಸ್ಥೆಯಾದ ಡಬ್ಲ್ಯು3ಸಿ ಎಲ್ಲರಿಗೂ ಎಟುಕುವ ಜಾಲಪುಟಗಳಿಗಾಗಿ 1999ರಿಂದ ಮಾರ್ಗಸೂಚಿಗಳನ್ನು ಪ್ರಕಟಿಸುತ್ತಿದೆ. 2023ರ ಅಕ್ಟೋಬರಿನಲ್ಲಿ ಅವುಗಳ 2.2ನೆಯ ಆವೃತ್ತಿ ಬಂದಿತು. ಅವುಗಳ ತಳದಲ್ಲಿ ನಾಲ್ಕು ತತ್ತ್ವಗಳಿವೆ. ಪುಟದಲ್ಲಿರುವುದು ಯಾವುದಾದರೊಂದು ಇಂದ್ರಿಯಕ್ಕೆ ಗ್ರಾಹ್ಯವಾಗಬೇಕು, ಮೌಸ್ ಇಲ್ಲದೆಯೂ ನಡೆಸಲು ಬರಬೇಕು, ಅರ್ಥವಾಗಬೇಕು, ಬೇರೆ ಬೇರೆ ಸಾಧನಗಳಲ್ಲಿ ಕೆಡದೆ ನಿಲ್ಲಬೇಕು. ಇವುಗಳಡಿಯ ನಿಯಮಗಳಲ್ಲಿ ಕೆಲವು ಶುದ್ಧ ತಾಂತ್ರಿಕವಾದವು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಣ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು, ಪಠ್ಯವನ್ನು ಶೇ. 200ರಷ್ಟು ಹಿಗ್ಗಿಸಿದರೂ ಏನೂ ಮರೆಯಾಗಬಾರದು ಎಂಬಂತಹವು. ಉಳಿದವುಗಳಲ್ಲಿ ಬಹುಪಾಲು ನಮ್ಮ ತರಗತಿಯ ವಿಷಯಗಳೇ ಆಗಿವೆ.

ಚಿತ್ರಕ್ಕೆ ಬದಲಿ ಪಠ್ಯ ಬರೆಯುವುದನ್ನೇ ನೋಡಿ. ವೀರಗಲ್ಲಿನ ಛಾಯಾಚಿತ್ರಕ್ಕೆ 'ಚಿತ್ರ 1' ಎಂದಷ್ಟೆ ಬರೆದರೆ ಕೇಳುವವನಿಗೆ ಏನೂ ದಕ್ಕಲಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಒಯ್ಯುತ್ತಿರುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ ಎಂದು ಎರಡು ವಾಕ್ಯ ಬರೆದರೆ ಕಲ್ಲು ಕಿವಿಯಲ್ಲಿ ಮೂಡುತ್ತದೆ. ಇದಕ್ಕೆ ಬೇಕಾದುದು ಶಿಲ್ಪವನ್ನು ಓದುವ ಕಣ್ಣು, ಯಾವುದು ಮುಖ್ಯವೆಂಬ ವಿವೇಕ, ಮಿತವಾದ ಗದ್ಯ. ಶಾಸನದ ಚಿತ್ರಕ್ಕೆ ಬದಲಿ ಪಠ್ಯ ಸಾಲದು, ಟಂಕಿಸಿದ ಪಾಠವೇ ಜೊತೆಗಿರಬೇಕು. ಶೀರ್ಷಿಕೆಗಳೂ ಹಾಗೆಯೇ. ಅಕ್ಷರವನ್ನು ದಪ್ಪ ಮಾಡಿದೊಡನೆ ಅದು ಶೀರ್ಷಿಕೆಯಾಗದು. ಶೀರ್ಷಿಕೆಯೆಂದು ಗುರುತು ಹಾಕಿದಾಗ ತೆರೆಯೋದುಗವನ್ನು ಬಳಸುವವನು ಆಶ್ವಾಸದಿಂದ ಆಶ್ವಾಸಕ್ಕೆ ನೆಗೆಯಬಲ್ಲ. 'ಇಲ್ಲಿ ಕ್ಲಿಕ್ ಮಾಡಿ' ಎಂಬ ಕೊಂಡಿ ಹತ್ತು ಸಲ ಬಂದರೆ ಕೇಳುವವನಿಗೆ ಹತ್ತೂ ಒಂದೇ. 'ಮೂರನೆಯ ಸೆಮಿಸ್ಟರಿನ ಪಠ್ಯಕ್ರಮ' ಎಂದಿದ್ದರೆ ದಾರಿ ಸ್ಪಷ್ಟ.

ಪುಟವು ಯಾವ ಭಾಷೆಯದೆಂದು ಗುರುತು ಹಾಕುವುದು ಇನ್ನೊಂದು ನಿಯಮ. ಆ ಗುರುತಿಲ್ಲದಿದ್ದರೆ ಇಂಗ್ಲಿಷ್ ದನಿ ಕನ್ನಡವನ್ನು ಓದಲು ಹೊರಟು ಅಕ್ಷರಗಳನ್ನು ದಾಟಿ ಹೋಗಬಹುದು. ಭಾಷೆಯ ಗುರುತಿನೊಂದಿಗೆ ಲಿಪಿಯ ಗುರುತನ್ನೂ ಸೇರಿಸಲು ಜಾಲದ ಮಾನಕಗಳು ಅವಕಾಶ ಕೊಟ್ಟಿವೆ. ಕನ್ನಡಕ್ಕೆ 'ಕೆಎನ್', ತಮಿಳು ಲಿಪಿಗೆ 'ಟಿಎಎಮ್‌ಎಲ್' ಎಂಬ ಸಂಕೇತಗಳಿವೆ. ಎರಡನ್ನೂ ಅಡ್ಡಗೆರೆಯಿಂದ ಜೋಡಿಸಿದರೆ 'ಭಾಷೆ ಕನ್ನಡ, ಲಿಪಿ ತಮಿಳು' ಎಂದು ಅರ್ಥ. ಅಂದರೆ ವೇದಸಂದೂರಿನ ಕನ್ನಡಕ್ಕೆ ಒಂದು ಪೀಠ ಈಗಾಗಲೇ ಸಿದ್ಧವಿದೆ. ಅದರ ಮೇಲೆ ಕೂರಿಸಲು ನಾವು ಇನ್ನೂ ಏನನ್ನೂ ಬರೆದಿಲ್ಲ.

ಅರ್ಥವಾಗಬೇಕೆಂಬ ತತ್ತ್ವ ನಮ್ಮ ಶಿಷ್ಟ ಗದ್ಯವನ್ನೇ ಪ್ರಶ್ನಿಸುತ್ತದೆ. ವಿಮರ್ಶೆಗೆ ಪ್ರೌಢ ಶೈಲಿ ಬೇಕು, ಸರಿ. ಅರ್ಜಿಯ ನಮೂನೆಗೂ ಸೂಚನೆಗೂ ಅದು ಬೇಕಿಲ್ಲ. ಊರ ಆಡುಮಾತನ್ನಷ್ಟೇ ಬಲ್ಲವರು 'ಲಗತ್ತಿಸತಕ್ಕದ್ದು' ಎಂಬಲ್ಲಿ ನಿಂತುಬಿಡುತ್ತಾರೆ, 'ಜೊತೆಗೆ ಸೇರಿಸಿ' ಎಂದರೆ ಮುಂದೆ ನಡೆಯುತ್ತಾರೆ. ನಮೂನೆಗಳಲ್ಲಿ ಇನ್ನೊಂದು ತೊಡಕುಂಟು. 'ಶಾಸ್ತ್ರಿ' ಎಂಬುದು ಕಣ್ಣಿಗೆ ಎರಡಕ್ಷರ. ಛಂದಸ್ಸಿಗೆ ಒಂದು ಗುರು, ಒಂದು ಲಘು. ಯೂನಿಕೋಡ್‌ಗೆ ಎಂಟು ಸಂಕೇತ. ಇಂಗ್ಲಿಷಿನ ಹೆಸರುಗಳನ್ನು ಲೆಕ್ಕ ಹಾಕಿ ಖಾನೆಯ ಉದ್ದ ನಿಗದಿ ಮಾಡಿದರೆ ಕನ್ನಡದ ಹೆಸರು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಸಾಲುಗಳ ನಡುವಣ ಅಂತರವನ್ನು ಇಂಗ್ಲಿಷಿನ ಅಳತೆಯಲ್ಲಿಟ್ಟರೆ ಒತ್ತಕ್ಷರಗಳು ಕೆಳಸಾಲಿಗೆ ತಾಗುತ್ತವೆ. ಅಕ್ಷರ, ಮಾತ್ರೆಗಳ ಭೇದ ಬಲ್ಲವರು ವಿನ್ಯಾಸಕಾರನ ಪಕ್ಕದಲ್ಲಿ ಕುಳಿತರೆ ಇಂತಹ ದೋಷಗಳು ಮೊದಲೇ ತಪ್ಪುತ್ತವೆ.

ಇದು ಕೇವಲ ಸೌಜನ್ಯದ ಪ್ರಶ್ನೆಯೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 42ನೆಯ ಪ್ರಕರಣ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಎಲ್ಲರಿಗೂ ಎಟುಕುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೇವೆಗಳು ಎಟುಕುವುದು ಸಂವಿಧಾನದ 21ನೆಯ ಅನುಚ್ಛೇದದ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಲಿಪಿ ಕಲಿಯದ ಗಡಿಯಾಚೆಯ ಕನ್ನಡಿಗರಿಗೆ ಈ ಅಧಿನಿಯಮದ ಆಸರೆ ಇಲ್ಲ. ಆದರೆ ದೃಷ್ಟಿಹೀನರಿಗಾಗಿ ತೆರೆದ ಬಾಗಿಲಿನಿಂದ ಅವರೂ ಒಳಬರಬಲ್ಲರು.

ಇದಕ್ಕೆ ಕೆಲವು ಆಕ್ಷೇಪಗಳುಂಟು. ತಮಿಳು ಲಿಪಿಯಲ್ಲಿ ಕನ್ನಡ ಕೊಟ್ಟರೆ ಕನ್ನಡ ಲಿಪಿ ಕಲಿಯುವ ಆಸೆಯೇ ಬತ್ತೀತು ಎಂಬುದು ಒಂದು. ಲಿಪಿ ಕಲಿಯುವುದು ಒಳ್ಳೆಯದೇ, ಕಲಿಸುವ ಯತ್ನವೂ ನಡೆಯಲಿ. ಆದರೆ ಲಿಪಿಯನ್ನು ಪ್ರವೇಶಶುಲ್ಕವಾಗಿಸಿದರೆ ಮನೆಯವರೇ ಹೊರಗುಳಿಯುತ್ತಾರೆ. ಕೊಂಕಣಿ ಐದು ಲಿಪಿಗಳಲ್ಲಿ ಬಾಳಿದೆ, ಅವುಗಳಲ್ಲಿ ಕನ್ನಡದ್ದೂ ಒಂದು. ತುಳು, ಕೊಡವ ಭಾಷೆಗಳಿಗೆ ನಮ್ಮ ಲಿಪಿ ಆಶ್ರಯ ಕೊಟ್ಟಿದೆ. ಅನ್ಯರ ನುಡಿಗೆ ಆಸರೆಯಾದ ಲಿಪಿಯವರು ತಮ್ಮ ನುಡಿ ಅನ್ಯಲಿಪಿಯಲ್ಲಿ ತಂಗಲು ಅಳುಕಬೇಕಿಲ್ಲ. ದೃಷ್ಟಿಹೀನ ಓದುಗರು ಎಷ್ಟು ಮಂದಿ ಎಂಬುದು ಇನ್ನೊಂದು ಆಕ್ಷೇಪ. ಒಳಬರಲಾಗದ ಮನೆಯಲ್ಲಿ ಅತಿಥಿಗಳ ತಲೆಯೆಣಿಸುವುದು ನ್ಯಾಯವಲ್ಲ. ಕನ್ನಡದಲ್ಲಿ ಓದು ಎಂದೂ ಕಣ್ಣಿಗೆ ಮಾತ್ರ ಸೀಮಿತವಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ಕುಮಾರವ್ಯಾಸನ ಭಾರತ ಗಮಕಿಗಳ ಕಂಠದಿಂದ ಅಕ್ಷರ ಬಾರದವರ ಕಿವಿಗೆ ತಲುಪಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸ್ವತಃ ದೃಷ್ಟಿಹೀನರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ತಲೆಮಾರುಗಳಿಗೆ ವಿದ್ಯೆ ನೀಡಿದರು.

ಅನುಸರಿಸಲು ಮಾದರಿಗಳೂ ನಮ್ಮಲ್ಲಿವೆ. ವಚನ ಸಂಚಯ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಹುಡುಕಬಲ್ಲ ಯೂನಿಕೋಡ್ ಪಠ್ಯವಾಗಿ ಇಟ್ಟಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಸಂಕಲಿಸಿದ ಅಲರ್ ನಿಘಂಟು 2019ರಲ್ಲಿ ಒಂದೂವರೆ ಲಕ್ಷ ಪದಗಳೊಡನೆ ಮುಕ್ತ ಪರವಾನಗಿಯಲ್ಲಿ ಹೊರಬಂದಿತು. ಪಠ್ಯ ಪಠ್ಯವಾಗಿಯೇ ಇದ್ದರೆ ಇನ್ನೊಬ್ಬರು ಅದನ್ನು ದನಿಯಾಗಿ, ಬ್ರೈಲ್ ಆಗಿ, ಬೇರೆ ಲಿಪಿಯಾಗಿ ಮಾರ್ಪಡಿಸುವ ಸಾಧ್ಯತೆ ತೆರೆದೇ ಇರುತ್ತದೆ.

ವಿದ್ಯಾರ್ಥಿಗಳು ಇಂದೇ ಮಾಡಬಹುದಾದ ಮೂರು ಪರೀಕ್ಷೆಗಳಿವೆ. ಕಾಲೇಜಿನ ಕನ್ನಡ ಪುಟವೊಂದನ್ನು ಫೋನಿನಲ್ಲಿ ತೆರೆದು, ಟಾಕ್‌ಬ್ಯಾಕ್ ಚಾಲೂ ಮಾಡಿ, ಕಣ್ಣು ಮುಚ್ಚಿ ಕೇಳಿ. ಕಂಪ್ಯೂಟರಿನಲ್ಲಿ ಮೌಸ್ ಬದಿಗಿಟ್ಟು ಟ್ಯಾಬ್ ಕೀಲಿಯೊಂದರಿಂದಲೇ ಬೇಕಾದ ಕೊಂಡಿ ತಲುಪಲು ಯತ್ನಿಸಿ. ಪಿಡಿಎಫ್‌ನಿಂದ ಒಂದು ವಾಕ್ಯ ನಕಲಿಸಿ ಬೇರೆಡೆ ಅಂಟಿಸಿ. ಕನ್ನಡವಾಗಿಯೇ ಉಳಿಯಿತೇ ನೋಡಿ. ಸೋತ ಪುಟಗಳನ್ನು ಪಟ್ಟಿ ಮಾಡಿ ಸಂಬಂಧಪಟ್ಟವರಿಗೆ ಬರೆಯಿರಿ. ವಿಭಾಗದ ಮಟ್ಟದಲ್ಲಿ ಎರಡು ನಿರ್ಣಯಗಳು ಸಾಕು: ಎಲ್ಲ ಪ್ರಕಟಣೆಯೂ ಯೂನಿಕೋಡ್‌ನಲ್ಲಿರಲಿ, ಚಿತ್ರಕ್ಕೆ ಬದಲಿ ಪಠ್ಯ ಬರೆಯುವುದು ಆಂತರಿಕ ಮೌಲ್ಯಮಾಪನದ ಒಂದು ಅಭ್ಯಾಸವಾಗಲಿ. ಇವುಗಳಿಗೆ ಹಣ ಬೇಕಿಲ್ಲ. ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಳ್ಳುವ ಅವಕಾಶವೇ ಇಲ್ಲದೆ ಅದನ್ನು ಮನೆಯಲ್ಲಿ ಕಾಪಾಡಿಕೊಂಡು ಬಂದವರಿಗೆ ಒಂದು ವಚನವನ್ನು ತಲುಪಿಸಲು ನಾವು ಬಯಸಿದರೆ, ಅದನ್ನು ನೆಟ್ಟಗೆ ಟಂಕಿಸುವುದೇ ಮೊದಲ ಹೆಜ್ಜೆ.