ಹೊಗಳಿಕೆಗೂ ಹೊಣೆಯುಂಟು
ಗೋಕಾಕದ ಕರದಂಟು ನಾಡಿನಾದ್ಯಂತ ಹೆಸರಾದದ್ದು ತಿಂದವರ ಬಾಯಿಮಾತಿನಿಂದ. ‘ಆಡಿ ಗೆಲ್ಲಿರಿ’ ಎಂದು ಕರೆಯುವ ಆ್ಯಪ್‌ಗಳಿಗಾದರೋ ಪ್ರಸಿದ್ಧರ ಮುಖವೇ ಬಂಡವಾಳವಾಗಿತ್ತು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ತಡೆಯಲು ನಮ್ಮ ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯಾಂಶಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಕೌಶಲವೆಂದು ಕರೆದರೂ ನಮ್ಮ ದೃಷ್ಟಿಯಲ್ಲಿ ಅದು ಜೂಜೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಅದರ ಜಾಹೀರಾತನ್ನೂ ಅಪರಾಧವೆಂದಿತು: 2 ವರ್ಷದವರೆಗೆ ಸೆರೆ, ಇಲ್ಲವೇ 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸ್ವಾಗತಾರ್ಹ. ಆದರೆ ಮೂಡಲಗಿ, ಹುಕ್ಕೇರಿಯ ಮನೆಗಳಿಗೆ ಕಾನೂನಿಗಿಂತ ಮೊದಲು ರೀಲ್ಸ್ ತಲುಪುತ್ತದೆ. ಅಲ್ಲಿ ಹಣ ಪಡೆದು ಯಾವುದೇ ವಸ್ತುವನ್ನು ಹೊಗಳುವವರು ಅದು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಹೇಳಿದೆ. ಹೆತ್ತವರು ಒಂದು ಸಂಜೆ ಮಕ್ಕಳ ಜೊತೆ ಕುಳಿತು ಆ ಸೂಚನೆಯನ್ನು ಮೊಬೈಲ್‌ನಲ್ಲಿ ಹುಡುಕಿ ನೋಡಲಿ.